ಅಲ್ಲಾಡದ ಒಂದು ಸೆಕೆಂಡು

"ಹಂಸಿನಿ, ಅಲ್ಲಾಡಬೇಡ! ಒಂದೇ ಸೆಕೆಂಡು!" ನವದೆಹಲಿ ಸ್ಟೇಷನ್ನಿನ ಛಾವಣಿಯೇ ಹಾರಿಹೋಗುವಂತೆ ಕೂಗಿ, ಏಕನಾಥ ಬೆಂಚಿನ ಮೇಲಿಟ್ಟ ಹೊಸ ಡಿಜಿಟಲ್ ಕ್ಯಾಮೆರಾದ ಗುಂಡಿ ಒತ್ತಿದ. ಪ್ಲಾಟ್‌ಫಾರ್ಮಿನ ಮೇಲೆ ಅರ್ಧ ಹಿಂದೂಸ್ಥಾನವೇ ನುಗ್ಗುತ್ತಿತ್ತು. ಶಟರ್ ಒಂದು ಸೆಕೆಂಡು ತೆರೆದಿದ್ದರೆ ಓಡುವವರೆಲ್ಲ ಹೊಗೆಯಾಗಿ, ನಿಂತ ಹೆಂಡತಿಯೊಬ್ಬಳೇ ಬೇಲೂರಿನ ಶಿಲಾಬಾಲಿಕೆಯಂತೆ ಮೂಡಬೇಕು!

"ಮದುವೆಯಾಗಿ ತಿಂಗಳಿಗೇ ನನ್ನನ್ನ ಕಂಬ ಮಾಡಿಬಿಟ್ರಲ್ಲ ರೀ!" ಎಂದು ಹಂಸಿನಿ ನಕ್ಕಳು. ಬೆಂಗಳೂರು ಬಿಟ್ಟು ಬಂದವಳಿಗೆ ದೆಹಲಿ ಹಿಡಿಸಿತಾ ಎಂದು ಅವನು ಸಾವಿರ ಸಲ ಕೇಳಿದ್ದ, ಸಾವಿರ ಸಲವೂ ಅವಳು "ಓ, ಸ್ವರ್ಗ!" ಎಂದಿದ್ದಳು.

ಏಕನಾಥ ಕ್ಯಾಮೆರಾದ ಪರದೆ ನೋಡಿದ. ಜನರೆಲ್ಲ ಹೊಗೆಯಾಗಿದ್ದರು. ಹಂಸಿನಿಯ ಚಪ್ಪಲಿ, ಸೀರೆಯ ನೆರಿಗೆ, ಬಳೆಗಳು ಕಡೆದಿಟ್ಟಷ್ಟು ಸ್ಪಷ್ಟವಾಗಿದ್ದವು. ಮುಖ ಮಾತ್ರ ಬಲಕ್ಕೆ ಎಳೆದುಕೊಂಡು ಹೋಗಿ ಮಸುಕಾಗಿತ್ತು. ಪಕ್ಕದ ಹಳಿಯಿಂದ ಬೆಂಗಳೂರಿಗೆ ಹೋಗುವ ರೈಲು ಆಗಷ್ಟೇ ಹೊರಟಿತ್ತು, ಅದೇ ಬಲಕ್ಕೆ.

"ಅಯ್ಯೋ, ಕೆಟ್ಟೋಯ್ತಾ? ಇನ್ನೊಂದು ತೆಗೀರಿ. ಈ ಸಲ ಖಂಡಿತಾ ಅಲ್ಲಾಡಲ್ಲ."

ತನ್ನ ಲೆಕ್ಕದಲ್ಲಿ ಭೂಮಂಡಲದ ಅತಿ ದೊಡ್ಡ ಫೋಟೋಗ್ರಾಫರನಾದ ಏಕನಾಥ ಕ್ಯಾಮೆರಾ ಆಫ್ ಮಾಡಿದ. "ಮುಂದಿನ ವಾರ ಊರಿಗೆ ಹೋಗಿಬರೋಣ್ವಾ?"

ಹಂಸಿನಿಯ ಮುಖ ಪೂರ್ತಿ ಒಂದು ಸೆಕೆಂಡು ಅಲುಗದೆ ನಿಂತಿತು.