ಅಪ್ಪನಿಗೆ ಊದಿದ ಸೀಟಿ

ಕಪಾಟಿನಲ್ಲಿ ಹಳೆಯ ಸೀಟಿಯೊಂದು ಸಿಕ್ಕಿತು. ಬಾಯಿಗಿಟ್ಟರೆ ಈಗಲೂ ಅದೇ ಕಬ್ಬಿಣದ ರುಚಿ.

ಎಂಟನೇ ತರಗತಿಯಲ್ಲಿ ಪೊಲೀಸ್ ಕೆಡೆಟ್ ಆಗಿ ಸೇರಿದ್ದೆ. ಮೊದಲ ಟ್ರಾಫಿಕ್ ಡ್ಯೂಟಿ ಮುಂಬಯಿಯ ಅಂಧೇರಿ ಸ್ಟೇಷನ್ನಿನ ಹೊರಗೆ. ಹೆಲ್ಮೆಟ್ ಇಲ್ಲದವರನ್ನು ಕಂಡರೆ ನಾವು ಸೀಟಿ ಊದಬೇಕು, ಹವಾಲ್ದಾರರು ಹಿಡಿಯಬೇಕು. ಮಧ್ಯಾಹ್ನ ದೂರದಲ್ಲಿ ಬರಿತಲೆಯೊಂದು ಕಂಡದ್ದೇ ಎದೆಯುಬ್ಬಿಸಿ ಊದಿದೆ.

ಸ್ಕೂಟರ್ ನಿಂತಿತು. ಅಪ್ಪ! ಹೋಟೆಲಿನ ಏಪ್ರನ್ ಕೂಡ ಬಿಚ್ಚಿರಲಿಲ್ಲ. ಹ್ಯಾಂಡಲಿನಲ್ಲಿ ನಾನು ಮರೆತುಬಂದಿದ್ದ ಊಟದ ಡಬ್ಬಿ.

"ಉತರ್ ನೀಚೇ!" ಕೆಳಗಿಳಿಯಲು ಹವಾಲ್ದಾರರು ಗದರಿದರು. ಇವರು ನನ್ನ ಅಪ್ಪ ಎನ್ನಲು ನಾಲಿಗೆಯೇ ಹೊರಳಲಿಲ್ಲ. ಅಪ್ಪ ನನ್ನ ಖಾಕಿಯನ್ನೊಮ್ಮೆ ನೋಡಿ, ಗುರುತೇ ಇಲ್ಲದವರಂತೆ, ಮಗಳಾದ ನನಗೇ "ಸಾರಿ ಮೇಡಂ" ಎಂದು, ದಂಡ ಕಟ್ಟಿ ಸ್ಕೂಟರ್ ತಳ್ಳಿಕೊಂಡು ಹೋದರು.

ಸಂಜೆ ಅದೇ ಡಬ್ಬಿಯನ್ನು ಬಿಸಿಮಾಡಿ ಮುಂದಿಟ್ಟು ಹೇಳಿದರು: "ಊಟ ಮಾಡು ಮಗಾ. ಸೀಟಿ ಲಾಯ್ಕ ಊದ್ತಿ."