ಬಸ್ಸು ಹಿಡಿಯುವ ಲೆಕ್ಕ

ಭೌತಶಾಸ್ತ್ರದ ಮೇಷ್ಟ್ರು ನಿನ್ನೆಯಷ್ಟೇ ತಮ್ಮ ಕಿರಿಮಗಳ ನೋಟ್‌ಬುಕ್ಕನ್ನು ಅವಳ ಮುಖಕ್ಕೇ ಎಸೆದಿದ್ದರು. "ರೈಲು ಯಾವ ದಿಕ್ಕಿಗೆ ಹೋಗ್ತಿದೆ ಅಂತ ನೋಡದೆ ಲೆಕ್ಕ ಮಾಡ್ತೀಯಾ? ಸೊನ್ನೆ." ಆ ಸಿಟ್ಟು ಅವಳೊಳಗೆ ಇನ್ನೂ ಕುದಿಯುತ್ತಿತ್ತು.

ಅಪ್ಪ ಗೊತ್ತು ಮಾಡಿದ ಮದುವೆ ಒಲ್ಲೆನೆಂದು ಇವತ್ತು ಅಕ್ಕ ಮನೆ ಬಿಟ್ಟು ಬಸ್ಸು ಹತ್ತಿದ್ದಳು.

"ಎಷ್ಟೊತ್ತಾಯ್ತೇ ಅವಳು ಹೋಗಿ?" ಮೇಷ್ಟ್ರು ಹಲ್ಲು ಕಡಿದರು.

"ಅರ್ಧ ಗಂಟೆ ಆಯ್ತಪ್ಪ."

"ಬಸ್ಸಿನ ವೇಗ ನಲವತ್ತು, ನನ್ನ ಬೈಕಿಂದು ಅರವತ್ತು. ಇಪ್ಪತ್ತು ಕಿಲೋಮೀಟರು ಮುಂದಿದ್ದಾಳೆ. ಒಂದೇ ಗಂಟೆ. ತುಮಕೂರು ಮುಟ್ಟೋ ಮೊದಲೇ ಜುಟ್ಟು ಹಿಡಿದು ಎಳ್ಕೊಂಡು ಬರ್ತೀನಿ."

ಬೈಕು ತಿರುವಿನಲ್ಲಿ ಮರೆಯಾದ ಮೇಲೆ ಕಿರಿಮಗಳು ಫೋನು ಎತ್ತಿಕೊಂಡಳು.

"ಅಕ್ಕ, ನೀನು ಆರಾಮಾಗಿ ಹಾಸನಕ್ಕೆ ಹೋಗು. ಅಪ್ಪ ದಿಕ್ಕು ಕೇಳಲೇ ಇಲ್ಲ."