ಕಕ್ಷಿದಾರರು ಎಲ್ಲಿ?

"ನನ್ನ ಕಕ್ಷಿದಾರರಿಗೆ ಅನ್ಯಾಯ ಆಗಿದೆ, ಸ್ವಾಮಿ," ಎಂದುಬಿಟ್ಟಳು ದರ್ಜಿ ಹೆಂಗಸು. ವಕೀಲರ ಸಾಲಿನಲ್ಲಿ ನಗು ಉಕ್ಕಿತು.

ಮುಖದ ಸುಟ್ಟ ಕಲೆ ನೋಡಿ ಪುರಸಭೆಯ ಈಜುಕೊಳದವರು ಅವಳನ್ನು ಬಾಗಿಲಲ್ಲೇ ತಡೆದಿದ್ದರು. ವಕೀಲರಿಲ್ಲದೆ ತಾನೇ ಹೂಡಿದ್ದ ದಾವೆಯನ್ನು ಕೆಳಗಿನ ಕೋರ್ಟು ವಜಾ ಮಾಡಿತ್ತು. ಮೇಲ್ಮನವಿಯನ್ನೂ ತಾನೇ ವಾದಿಸಲೆಂದು ಅಂಗಡಿ ಮುಚ್ಚಿ, ಇದೇ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು, ವಕೀಲರ ಮಾತು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು. ಈಗ ಬಾಯಿಗೆ ಬಂದದ್ದೂ ಆ ಪಾಠವೇ.

"ನಿಮ್ಮ ಕಕ್ಷಿದಾರರು ಎಲ್ಲಿ, ತಾಯಿ?" ನ್ಯಾಯಾಧೀಶರೂ ನಗು ತಡೆದುಕೊಂಡೇ ಕೇಳಿದರು.

ಅವಳು ತಿರುಗಿ ನೋಡಿದಳು. ಬೆಂಚಿನ ಮೇಲೆ ಅವಳ ಕೈಚೀಲವೊಂದೇ ಕೂತಿತ್ತು. ಅದರೊಳಗೆ ತಾನೇ ಹೊಲಿದುಕೊಂಡ, ಇನ್ನೂ ನೀರು ಕಾಣದ ಈಜುಡುಗೆ.

"ಇಲ್ಲೇ ಇದ್ದಾರೆ ಸ್ವಾಮಿ," ಎಂದಳು. "ಅವರ ಜೊತೆ ಬರೋಕೆ ಯಾರೂ ಇರಲಿಲ್ಲ. ಅದಕ್ಕೇ ನಾನು ಬಂದೆ."